ಊರಿನ ಕಥೆಯನ್ನು ಊರಿಗೇ ಹೇಳುವುದು: ಕೊರಿಯಾದ ಗಾಂಗ್‌ನಂಗ್ ನಗರದ ದಾನೋ ಹಬ್ಬ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನನ್ನ ಧ್ವನಿ ಸರಿಯಾಗಿ ಕೇಳಿಸ್ತಾ ಇದೆ ಅಂದುಕೊಳ್ಳುತ್ತೇನೆ. ಈ ಮಾಲಿಕೆಯಲ್ಲಿ ಇದುವರೆಗೆ ಕಾಸರಗೋಡು, ಜತ್ತ, ಮಡಕಶಿರಾ, ತಾಳವಾಡಿ ಅಂತ ನಮ್ಮ ನಮ್ಮ ಊರುಗಳ ಬಗ್ಗೆಯೇ ಮಾತಾಡಿಕೊಂಡು ಬಂದಿದ್ದೇವೆ. ಇವತ್ತು ಸ್ವಲ್ಪ ದೂರ ಹೋಗೋಣ. ದಕ್ಷಿಣ ಕೊರಿಯಾದ ಪೂರ್ವ ಕರಾವಳಿಯಲ್ಲಿರುವ ಗಾಂಗ್‌ನಂಗ್ ಎಂಬ ನಗರದ ಚರಿತ್ರೆ, ಐತಿಹ್ಯ, ಆಚರಣೆ ಈ ಮೂರನ್ನೂ ಸಾರ್ವಜನಿಕ ಉಪನ್ಯಾಸದಲ್ಲಿ ಆ ಊರಿನ ಜನರಿಗೇ ಹೇಗೆ ಹೇಳಬಹುದು ಎಂಬುದು ನನ್ನ ವಿಷಯ.

ಯಾಕೆ ಈ ವಿಷಯ ಅಂತ ಕೇಳಬಹುದು. ನಾವು ಕ್ಷೇತ್ರಕಾರ್ಯಕ್ಕೆ ಹೋಗ್ತೇವೆ, ಅಜ್ಜಿಯಂದಿರ ಹತ್ತಿರ ಪಾಡ್ದನ ಕೇಳಿ ಧ್ವನಿಮುದ್ರಿಸ್ತೇವೆ, ಪ್ರಬಂಧ ಬರೀತೇವೆ. ಅದು ಗ್ರಂಥಾಲಯದ ಕಪಾಟು ಸೇರುತ್ತದೆ. ಊರಿಗೆ ಮರಳಿ ಹೋಗುವುದು ಬೇರೆಯೇ ಒಂದು ಕಥೆ. ನಮ್ಮ ಕಾಸರಗೋಡಿನ ಕಡೆ ಸ್ಥಳೀಯ ಚರಿತ್ರೆಯನ್ನು ಜನ ಕೇಳುವುದು ಮುಖ್ಯವಾಗಿ ಎರಡು ಕಡೆ: ಜಾತ್ರೆಯ ಹೊತ್ತಿನ ಧಾರ್ಮಿಕ ಸಭೆಯಲ್ಲಿ ಮತ್ತು ಅಷ್ಟಮಂಗಲ ಪ್ರಶ್ನೆಯಲ್ಲಿ. ಪ್ರಶ್ನೆಯಲ್ಲಿ ಕಂಡುಬಂದದ್ದು ಬ್ರಹ್ಮಕಲಶದ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗುತ್ತದೆ. ಹತ್ತು ವರ್ಷ ಕಳೆದರೆ ಅದೇ ಚರಿತ್ರೆ. ಹಾಗಾಗಿ ಉಪನ್ಯಾಸ ಎಂಬುದು ಸಣ್ಣ ವಿಷಯ ಅಲ್ಲ. ಯಾರು, ಯಾವ ಆಧಾರದ ಮೇಲೆ, ಏನನ್ನು ಬಿಟ್ಟು ಹೇಳುತ್ತಾರೆ ಎಂಬುದರ ಮೇಲೆ ಒಂದು ಊರು ತನ್ನನ್ನು ತಾನು ಅರ್ಥಮಾಡಿಕೊಳ್ಳುವ ರೀತಿಯೇ ನಿಂತಿರುತ್ತದೆ.

ಕೊರಿಯಾದಲ್ಲಿ ಇದಕ್ಕೊಂದು ಸಂಸ್ಥೆಯೇ ಇದೆ. ಮುನ್‌ಹ್ವಾವೊನ್ ಅಂತ ಕರೀತಾರೆ, ಸಂಸ್ಕೃತಿ ಕೇಂದ್ರ ಅನ್ನಬಹುದು. ದೇಶದಲ್ಲಿ ಇನ್ನೂರಕ್ಕೂ ಹೆಚ್ಚು ಇವೆ. ಹೆಚ್ಚುಕಡಿಮೆ ಪ್ರತಿ ನಗರಕ್ಕೆ, ಪ್ರತಿ ತಾಲೂಕಿಗೆ ಸಮಾನವಾದ ಘಟಕಕ್ಕೆ ಒಂದು. 1994ರ ಕಾನೂನು ಇವುಗಳಿಗೆ ಒಪ್ಪಿಸಿದ ಕೆಲಸಗಳಲ್ಲಿ ಸ್ಥಳೀಯ ಚರಿತ್ರೆಯ ಶೋಧನೆ, ಸಂಗ್ರಹ ಮತ್ತು ಸಾರ್ವಜನಿಕರ ಸಾಂಸ್ಕೃತಿಕ ಶಿಕ್ಷಣ ಸೇರಿವೆ. ನಾನು ಹೇಳಲಿರುವ ಹಬ್ಬವನ್ನು ಬಹುಕಾಲ ನಡೆಸಿಕೊಂಡು ಬಂದದ್ದೂ ಗಾಂಗ್‌ನಂಗಿನ ಸಂಸ್ಕೃತಿ ಕೇಂದ್ರವೇ. ಈಗ ಅದಕ್ಕೆ ಪ್ರತ್ಯೇಕ ಸಮಿತಿ ಇದೆ.

ಈಗ ಊರನ್ನು ನೋಡೋಣ. ಗಾಂಗ್‌ನಂಗ್ ನಮ್ಮ ಕರಾವಳಿಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ. ನಮಗೆ ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು. ಅವರಿಗೆ ಪಶ್ಚಿಮಕ್ಕೆ ಘಟ್ಟ, ಪೂರ್ವಕ್ಕೆ ಕಡಲು. ಆ ಘಟ್ಟ ದಾಟುವ ಘಾಟಿಯ ಹೆಸರು ದೇಗ್ವಾಲ್ಯಂಗ್, ಎತ್ತರ 832 ಮೀಟರ್. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಹವೆ ಬೇರೆ, ಮಾತಿನ ಧಾಟಿ ಬೇರೆ. ಹಳೆಯ ಕಾಲದಲ್ಲಿ ರಾಜಧಾನಿಗೆ ಹೋಗಬೇಕಾದರೆ ಘಾಟಿ ಹತ್ತಲೇಬೇಕು. ಹುಲಿ, ಹಿಮ, ಕಳ್ಳರು, ಹೀಗೆ ಎಲ್ಲ ಭಯವೂ ಅಲ್ಲೇ. ಹಾಗಾಗಿ ಊರಿನ ದೈವಗಳೂ ಅಲ್ಲೇ ನೆಲೆಯಾಗಿವೆ. ಇದನ್ನು ನಮ್ಮವರಿಗೆ ವಿವರಿಸಿ ಹೇಳುವ ಅಗತ್ಯ ಇಲ್ಲ.

ಹಬ್ಬದ ಹೆಸರು ಗಾಂಗ್‌ನಂಗ್ ದಾನೋಜೆ. ದಾನೋ ಅಂದರೆ ಚಾಂದ್ರಮಾನದ ಐದನೇ ತಿಂಗಳ ಐದನೇ ದಿನ. ಜೆ ಅಂದರೆ ಆರಾಧನೆ. ಆದರೆ ಇದು ಒಂದು ದಿನದ ಹಬ್ಬ ಅಲ್ಲ, ಒಂದು ತಿಂಗಳ ಕೆಲಸ. ನಾಲ್ಕನೇ ತಿಂಗಳ 5ನೇ ದಿನ, ಹಿಂದೆ ಸರ್ಕಾರಿ ಕಚೇರಿಯಾಗಿದ್ದ ಚಿಲ್‌ಸಾದಾಂಗ್ ಎಂಬ ಕಟ್ಟಡದಲ್ಲಿ ದೈವಕ್ಕೆ ಅರ್ಪಿಸುವ ಅಕ್ಕಿ ಮದ್ಯವನ್ನು ಹುದುಗಿಸಲು ಇಡುತ್ತಾರೆ. ಅದಕ್ಕೆ ಅಕ್ಕಿಯನ್ನು ಈಗ ಊರವರೇ ತಂದುಕೊಡುತ್ತಾರೆ, ಮನೆಮನೆಯಿಂದ, ಅಂಗಡಿಗಳಿಂದ. ನಮ್ಮಲ್ಲಿ ಹೊರೆಕಾಣಿಕೆ ಅಂತೇವಲ್ಲ, ಅದೇ. ಕಳ್ಳಿಲ್ಲದೆ ಬಡಿಸಿದರೆ ನಮ್ಮ ಎಷ್ಟೋ ದೈವಗಳಿಗೆ ಸಮಾಧಾನ ಇಲ್ಲ. ಅಲ್ಲೂ ಮೊದಲು ಮದ್ಯ, ಆಮೇಲೆ ಉಳಿದದ್ದು.

15ನೇ ದಿನ ಎಲ್ಲರೂ ಘಾಟಿ ಹತ್ತುತ್ತಾರೆ. ಮೊದಲು ಬೆಟ್ಟದ ದೈವಕ್ಕೆ ಆರಾಧನೆ, ನಂತರ ಗುಕ್ಸಾ ಸಂಗ್‌ಹ್ವಾಂಗ್‌ಗೆ. ಸಂಗ್‌ಹ್ವಾಂಗ್ ಅಂದರೆ ಊರ ಕಾವಲು ದೈವ, ಗುಕ್ಸಾ ಅಂದರೆ ರಾಜಗುರು. ಈ ಅನುಕ್ರಮ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ. ಆರಾಧನೆ ಎರಡು ರೀತಿ. ಮೊದಲು ಕನ್‌ಫ್ಯೂಷಿಯನ್ ವಿಧಿ: ರೇಷ್ಮೆ ನಿಲುವಂಗಿ ತೊಟ್ಟ ಗಂಡಸರು ಹಳೆಯ ಚೀನೀ ಗ್ರಂಥಭಾಷೆಯಲ್ಲಿ ಪ್ರಾರ್ಥನೆ ಓದಿ ಮದ್ಯ ಅರ್ಪಿಸುತ್ತಾರೆ. ಆಮೇಲೆ ಮುದಂಗ್, ಅಂದರೆ ದೈವದೊಡನೆ ಮಾತಾಡುವ ಹೆಣ್ಣು, ತಾಳ ಮದ್ದಳೆಯ ಜೊತೆ ಗುತ್ ನಡೆಸುತ್ತಾಳೆ. ಈ ಪೂರ್ವ ಕರಾವಳಿಯ ಮುದಂಗರು ವಂಶಪಾರಂಪರ್ಯವಾಗಿ ಬಂದವರು. ಅವಳು ಹಾಡುತ್ತಿರುವಾಗ ಒಬ್ಬಾತ ಕಾಡಿನಲ್ಲಿ ಮೇಪಲ್ ಜಾತಿಯ ಒಂದು ಮರವನ್ನು ಹಿಡಿದು ನಿಲ್ಲುತ್ತಾನೆ. ಮರ ನಡುಗಿತು ಅಂದರೆ ದೈವ ಇಳಿದಿದೆ. ನಮ್ಮ ಕಡೆ ಪಾತ್ರಿಗೆ ದರ್ಶನ ಬರುವುದು, ಅಲ್ಲಿ ಮರಕ್ಕೆ. ಆ ಮರವನ್ನು ಕಡಿದು, ಬಣ್ಣಬಣ್ಣದ ಬಟ್ಟೆ ಕಟ್ಟಿ, ಮೆರವಣಿಗೆಯಲ್ಲಿ ಘಾಟಿ ಇಳಿಸುತ್ತಾರೆ. ನಮ್ಮಲ್ಲಿ ಭಂಡಾರ ಇಳಿಯುವ ಚಿತ್ರವನ್ನು ಕಣ್ಮುಂದೆ ತಂದುಕೊಳ್ಳಿ.

ದೈವ ನೇರವಾಗಿ ಹಬ್ಬದ ಗದ್ದೆಗೆ ಬರುವುದಿಲ್ಲ. ಊರೊಳಗೆ ಅವನ ಹೆಂಡತಿಯ ಗುಡಿ ಇದೆ, ಅಲ್ಲಿ ಇಬ್ಬರನ್ನೂ ಒಟ್ಟಿಗೆ ಇರಿಸುತ್ತಾರೆ. ಐದನೇ ತಿಂಗಳ 3ನೇ ದಿನ ಸಂಜೆ ಜೋಡಿಯನ್ನು ಅಲ್ಲಿಂದ ಹೊರಡಿಸಿ, ನಾಮ್‌ದೇಚನ್ ಹೊಳೆಯ ದಡದಲ್ಲಿ ಕಟ್ಟಿದ ಚಪ್ಪರಕ್ಕೆ ತರುತ್ತಾರೆ. ಅಲ್ಲಿ ದಿನವೂ ಬೆಳಿಗ್ಗೆ ಆರಾಧನೆ, ಆಮೇಲೆ ಗುತ್. ಸುತ್ತ ದೊಡ್ಡ ಸಂತೆ, ಕುಸ್ತಿ, ಉಯ್ಯಾಲೆ. ಹೆಂಗಸರು ಬಜೆ ಹಾಕಿ ಕುದಿಸಿದ ನೀರಿನಲ್ಲಿ ತಲೆ ತೊಳೆದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಕೂಸಿಗೆ ತೇಯ್ದು ನೆಕ್ಕಿಸುವ ಅದೇ ಬಜೆ. ಕೊನೆಯ ದಿನ ಮರವನ್ನೂ ಕಾಗದದ ಹೂಗಳನ್ನೂ ಸುಟ್ಟು ದೈವವನ್ನು ಬೀಳ್ಕೊಡುತ್ತಾರೆ.

ಇಷ್ಟು ಆಚರಣೆ. ಇದನ್ನು ವಿವರಿಸಿ, ‘ಸಾವಿರ ವರ್ಷದಿಂದ ಹೀಗೇ ನಡೆದು ಬಂದಿದೆ’ ಎಂದು ಹೇಳಿದರೆ ಉಪನ್ಯಾಸ ಮುಗಿಯಿತು, ಚಪ್ಪಾಳೆ ಸಿಗುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ. ಏಕೆಂದರೆ ಈ ಊರಿನ ಬಳಿ ದಾಖಲೆಗಳಿವೆ, ಮತ್ತು ಅವು ಒಂದು ಇನ್ನೊಂದರ ಜೊತೆ ಜಗಳ ಆಡುತ್ತವೆ.

ಗುಕ್ಸಾ ಸಂಗ್‌ಹ್ವಾಂಗ್ ಯಾರು? ಬೊಮಿಲ್ ಎಂಬ ಬೌದ್ಧ ಭಿಕ್ಷು, ಕಾಲ 810ರಿಂದ 889. ಊರಿನ ಐತಿಹ್ಯ ಹೀಗಿದೆ: ಹಾಕ್ಸಾನ್ ಹಳ್ಳಿಯ ಕನ್ಯೆಯೊಬ್ಬಳು ಬಾವಿಗೆ ನೀರಿಗೆ ಹೋದಳು. ಸೋರೆಬುರುಡೆಯಲ್ಲಿ ನೀರೆತ್ತಿದರೆ ಅದರೊಳಗೆ ಸೂರ್ಯ ತೇಲುತ್ತಿದ್ದ. ಕುಡಿದಳು, ಬಸುರಾದಳು. ಗಂಡನಿಲ್ಲದೆ ಹುಟ್ಟಿದ ಕೂಸು ಅಂತ ಬಂಡೆಯ ಹಿಂದೆ ಬಿಟ್ಟುಬಂದರು. ಮರುದಿನ ನೋಡಿದರೆ ಕೊಕ್ಕರೆಗಳು ರೆಕ್ಕೆ ಹೊದಿಸಿ ಕೂಸನ್ನು ಕಾಯುತ್ತಿದ್ದವು. ಬಾವಿ, ಬಂಡೆ ಎರಡನ್ನೂ ಇಂದಿಗೂ ತೋರಿಸುತ್ತಾರೆ. ‘ಹಾಕ್’ ಅಂದರೇ ಕೊಕ್ಕರೆ.

ಇನ್ನು ದಾಖಲೆ. 952ರಲ್ಲಿ ಸಂಕಲಿತವಾದ ಜೋದಾಂಗ್‌ಜಿಪ್ ಎಂಬ ಧ್ಯಾನ ಪಂಥದ ಗ್ರಂಥದಲ್ಲಿ ಬೊಮಿಲ್‌ನ ಚರಿತ್ರೆ ಇದೆ. ಅದರ ಪ್ರಕಾರ ಅವನು ಕಿಮ್ ಮನೆತನದವನು, ಅಜ್ಜ ಈ ಪ್ರಾಂತ್ಯದ ಅಧಿಕಾರಿಯಾಗಿದ್ದವನು, ತಾಯಿಯೂ ದೊಡ್ಡ ಮನೆತನದ ಗೃಹಿಣಿ. ಬಸಿರಿನಲ್ಲಿ ಅವಳು ಸೂರ್ಯನನ್ನು ಕೈಯಲ್ಲಿ ಹಿಡಿದ ಕನಸು ಕಂಡಳು, ಹದಿಮೂರು ತಿಂಗಳಿಗೆ ಹೆತ್ತಳು. ಅವನು ಚೀನಾಕ್ಕೆ ಹೋಗಿ ಕಲಿತು, 847ರಲ್ಲಿ ಮರಳಿ ಬಂದು, ಗುಲ್‌ಸಾನ್ ವಿಹಾರದಲ್ಲಿ ನೆಲೆ ನಿಂತ. ಮೂವರು ರಾಜರು ರಾಜಧಾನಿಗೆ ಕರೆದರೂ ಹೋಗಲಿಲ್ಲ. ವಿಹಾರ ಹಾಳಾಗಿದೆ, ಧ್ವಜ ನಿಲ್ಲಿಸುತ್ತಿದ್ದ ಎರಡು ಕಲ್ಲಿನ ಕಂಬಗಳು ಮಾತ್ರ ಗದ್ದೆಯ ನಡುವೆ ಐದು ಮೀಟರಿಗೂ ಎತ್ತರಕ್ಕೆ ಎದ್ದು ನಿಂತಿವೆ.

ಎರಡನ್ನೂ ಪಕ್ಕಪಕ್ಕ ಇಡಿ. ಸೂರ್ಯ ಎರಡರಲ್ಲೂ ಇದ್ದಾನೆ. ಆದರೆ ಗ್ರಂಥದಲ್ಲಿ ದೊಡ್ಡ ಮನೆಯ ಗೃಹಿಣಿಯ ಕನಸಾಗಿದ್ದದ್ದು ಊರಿನ ಬಾಯಲ್ಲಿ ಬಾವಿಗೆ ಹೋದ ಬಡ ಹುಡುಗಿಯ ಬಸಿರಾಗಿದೆ. ಅಧಿಕಾರಿಯ ಮೊಮ್ಮಗನನ್ನು ಊರು ತಂದೆಯಿಲ್ಲದ, ಎಸೆಯಲ್ಪಟ್ಟ ಕೂಸನ್ನಾಗಿ ಮಾಡಿಕೊಂಡಿದೆ. ‘ಐತಿಹ್ಯ ತಪ್ಪು, ಗ್ರಂಥ ಸರಿ’ ಎಂದು ತೀರ್ಪು ಕೊಟ್ಟರೆ ಈ ಬದಲಾವಣೆಯ ಅರ್ಥವೇ ಕಳೆದುಹೋಗುತ್ತದೆ. ಐತಿಹ್ಯವನ್ನೇ ಚರಿತ್ರೆ ಅಂತ ಹೇಳಿದರೂ ಕಳೆದುಹೋಗುತ್ತದೆ. ಊರು ಏನನ್ನು ಬದಲಾಯಿಸಿತು ಎಂದು ಕಾಣಬೇಕಾದರೆ ಎರಡೂ ಒಂದೇ ಗಂಟೆಯಲ್ಲಿ, ಒಂದೇ ಉಪನ್ಯಾಸದಲ್ಲಿ ಬರಬೇಕು. ಚರಿತ್ರೆಗೆ ಒಂದು ವಾರ, ಜಾನಪದಕ್ಕೆ ಇನ್ನೊಂದು ವಾರ ಅಂತ ಹಂಚಿಬಿಟ್ಟರೆ ಅದು ಕಾಣುವುದಿಲ್ಲ.

ಇನ್ನೂ ದೊಡ್ಡ ತೊಡಕು ಮುಂದಿದೆ. ಹೊ ಗ್ಯುನ್ ಎಂಬ ಕವಿ-ಅಧಿಕಾರಿ (1569–1618) ಇದೇ ಊರಿನಲ್ಲಿ ಹುಟ್ಟಿದವನು. 1603ರ ಬೇಸಿಗೆಯಲ್ಲಿ ಅವನು ಊರಿಗೆ ಬಂದಿದ್ದಾಗ ಐದನೇ ತಿಂಗಳಲ್ಲಿ ಜನ ಘಾಟಿಯ ದೈವವನ್ನು ಕರೆತರಲು ಹೊರಟಿದ್ದರು. ಯಾವ ದೈವ ಎಂದು ಕಚೇರಿಯ ಗುಮಾಸ್ತನೊಬ್ಬನನ್ನು ಕೇಳಿದ. ಬಂದ ಉತ್ತರ: ಕಿಮ್ ಯು-ಶಿನ್. ಇವನು ಭಿಕ್ಷು ಅಲ್ಲ, ಏಳನೇ ಶತಮಾನದ ಶಿಲ್ಲಾ ರಾಜ್ಯದ ಸೇನಾಪತಿ. ಚಿಕ್ಕವನಿದ್ದಾಗ ಈ ಊರಿನಲ್ಲಿ ಬೆಟ್ಟದ ದೈವದಿಂದಲೇ ಕತ್ತಿವರಸೆ ಕಲಿತ, ಸತ್ತ ಮೇಲೆ ತಾನೇ ಘಾಟಿಯ ದೈವವಾದ ಎಂದು ಗುಮಾಸ್ತ ಹೇಳಿದ. ದೈವದ ಛತ್ರ ಬೀಳದಿದ್ದರೆ ಬೆಳೆ ಚೆನ್ನಾಗಿ ಬರುತ್ತದೆ, ಬಿದ್ದರೆ ಆ ವರ್ಷ ಗಾಳಿ ಮಳೆಯ ಅನಾಹುತ ಎಂದೂ ಬರೆದಿಟ್ಟಿದ್ದಾನೆ. ಇಡೀ ಬರಹದಲ್ಲಿ ಬೊಮಿಲ್‌ನ ಹೆಸರೇ ಇಲ್ಲ.

ಹಾಗಾದರೆ ಸೇನಾಪತಿಯ ಜಾಗಕ್ಕೆ ಭಿಕ್ಷು ಆಮೇಲೆ ಬಂದನೇ? ಅಷ್ಟು ಸುಲಭ ಅಲ್ಲ. 15ನೇ ಶತಮಾನದಲ್ಲಿ ಸಂಪಾದನೆಯಾದ ಗೊರ್ಯೊ ರಾಜ್ಯದ ಚರಿತ್ರೆಯಲ್ಲಿ ಇನ್ನೂ ಹಳೆಯ ಒಂದು ಸಂಗತಿ ಇದೆ. ಹತ್ತನೇ ಶತಮಾನದಲ್ಲಿ ಈ ಊರಿನ ನಾಯಕ ವಾಂಗ್ ಸುನ್‌-ಶಿಕ್ ಹೊಸ ರಾಜನ ಯುದ್ಧಕ್ಕೆ ನೆರವಾಗಲು ಸೈನ್ಯದೊಡನೆ ಹೊರಟಾಗ, ‘ದೊಡ್ಡ ಘಾಟಿ’ಯಲ್ಲಿ ಒಬ್ಬ ವಿಚಿತ್ರ ಭಿಕ್ಷುವಿನ ಗುಡಿಗೆ ಪೂಜೆ ಕೊಟ್ಟು ಮುಂದೆ ಹೋದ. ಅಂದರೆ ಹತ್ತನೇ ಶತಮಾನದಲ್ಲಿ ಘಾಟಿಯಲ್ಲಿ ಭಿಕ್ಷು, 1603ರಲ್ಲಿ ಸೇನಾಪತಿ, ಇವತ್ತು ಇಬ್ಬರೂ ಇದ್ದಾರೆ, ಮೆರವಣಿಗೆ ಮಾತ್ರ ಭಿಕ್ಷುವಿನದು. ‘ಸಾವಿರ ವರ್ಷ’ ಎಂಬ ಮಾತು ಸುಳ್ಳಲ್ಲ. ‘ಹೀಗೇ’ ಎಂಬುದು ಸುಳ್ಳು.

ಹೆಂಡತಿಯ ಕಥೆಯನ್ನು ಬಿಟ್ಟರೆ ತಪ್ಪಾದೀತು. ಅವಳು ಜೊಂಗ್ ಮನೆತನದ ಮಗಳು. ದೈವ ಅಪ್ಪನ ಕನಸಿನಲ್ಲಿ ಬಂದು ಮಗಳನ್ನು ಕೇಳಿತು. ಮನುಷ್ಯನಲ್ಲದವನಿಗೆ ಕೊಡುವುದಿಲ್ಲ ಎಂದ ಅಪ್ಪ. ಒಂದು ದಿನ ಹುಡುಗಿ ಹಳದಿ ರವಿಕೆ, ನೀಲಿ ಲಂಗ ಉಟ್ಟು ಮನೆಯಲ್ಲಿ ಕುಳಿತಿದ್ದಾಗ ಹುಲಿ ಬಂದು ಹೊತ್ತುಕೊಂಡು ಹೋಯಿತು. ಹುಡುಕಿಕೊಂಡು ಘಾಟಿಗೆ ಹೋದರೆ ಗುಡಿಯಲ್ಲಿ ದೈವದ ಪಕ್ಕ ನಿಂತಿದ್ದಳು, ಉಸಿರಿರಲಿಲ್ಲ. ದೇಹ ಅಲ್ಲಿಂದ ಕದಲಲಿಲ್ಲ. ಚಿತ್ರಕಾರನನ್ನು ಕರೆಸಿ ಅವಳ ಚಿತ್ರ ಬರೆಸಿದ ಮೇಲೆ ಬಿಟ್ಟುಬಂತು. ನಮ್ಮ ಪಾಡ್ದನ ಕೇಳಿದವರಿಗೆ ‘ಮಾಯವಾದಳು’ ಎಂಬ ಒಂದು ಮಾತು ಸಾಕು, ಇದೆಲ್ಲ ಅರ್ಥ ಆಗುತ್ತದೆ. ಹುಲಿ ಒಯ್ದ ದಿನ ನಾಲ್ಕನೇ ತಿಂಗಳ 15, ಅಂದರೆ ಘಾಟಿಯ ಆರಾಧನೆಯ ದಿನವೇ. ಇದನ್ನು ‘ದೈವಗಳ ಮದುವೆ’ ಅಂತ ಸಿಹಿಯಾಗಿ ಹೇಳಿ ಮುಗಿಸುವುದು ಸುಲಭ. ಆದರೆ ಆಚರಣೆ ಹಾಗೆ ಮುಗಿಸುವುದಿಲ್ಲ: ಹೊಳೆಯ ದಡಕ್ಕೆ ಹೋಗುವ ಮೆರವಣಿಗೆ ದಾರಿಯಲ್ಲಿ ಅವಳ ತವರುಮನೆಯ ಮುಂದೆ ನಿಲ್ಲುತ್ತದೆ, ಅಲ್ಲಿ ಒಂದು ಆರಾಧನೆ ನಡೆಯುತ್ತದೆ. ಮಗಳನ್ನು ಕೊಡುವುದಿಲ್ಲ ಎಂದಿದ್ದ ಮನೆಯ ಮುಂದೆ ವರ್ಷಕ್ಕೊಮ್ಮೆ ಅವಳನ್ನು ಕರೆತಂದು ನಿಲ್ಲಿಸುತ್ತಾರೆ. ನನಗೆ ಇಡೀ ಹಬ್ಬದಲ್ಲಿ ಅತ್ಯಂತ ಭಾರವಾದ ಗಳಿಗೆ ಇದು ಅನಿಸುತ್ತದೆ.

ಈಗ ಗ್ವಾನ್ನೊ ಮುಖವಾಡದ ಆಟ. ಕೊರಿಯಾದ ಮುಖವಾಡ ಆಟಗಳಲ್ಲಿ ಮಾತಿಲ್ಲದ ಆಟ ಎಂದು ಇದನ್ನು ವಿಶೇಷವಾಗಿ ಹೇಳುತ್ತಾರೆ. ಗ್ವಾನ್ನೊ ಅಂದರೆ ಸರ್ಕಾರಿ ಕಚೇರಿಯ ಗುಲಾಮರು, ಆಡುತ್ತಿದ್ದವರು ಅವರೇ. ಮೊದಲು ಹೊಟ್ಟೆ ಉಬ್ಬಿದ ಜಾಂಗ್‌ಜಾಮರಿಗಳು ಬಂದು ಅಂಗಳ ಬಿಡಿಸುತ್ತವೆ. ಉದ್ದ ಗಡ್ಡದ ಯಾಂಗ್‌ಬಾನ್, ಅಂದರೆ ಕುಲೀನ, ಸೊಮೆಗಾಕ್‌ಶಿ ಎಂಬ ಹುಡುಗಿಯ ಹಿಂದೆ ಬೀಳುತ್ತಾನೆ. ಭಯಂಕರ ಮುಖವಾಡದ ಶಿಶಿತಕ್ತಗಿಗಳು ಅವರ ನಡುವೆ ನುಗ್ಗುತ್ತವೆ. ಯಾಂಗ್‌ಬಾನ್ ಸಂಶಯ ಪಡುತ್ತಾನೆ, ಹುಡುಗಿ ಅವನದೇ ಗಡ್ಡವನ್ನು ಕುತ್ತಿಗೆಗೆ ಸುತ್ತಿಕೊಂಡು ಸಾಯಲು ಹೊರಡುತ್ತಾಳೆ. ಕುಲೀನನ ಗಡ್ಡವೇ ನೇಣು! ಒಂದು ಮಾತೂ ಆಡದೆ ಗುಲಾಮರು ಒಡೆಯರ ಎದುರು ಆಡುತ್ತಿದ್ದದ್ದು ಇದನ್ನು.

ಕೊರಿಯಾದಲ್ಲಿ ಗುಲಾಮಗಿರಿ ಕಾನೂನಿನಿಂದ ಹೋದದ್ದು 1894ರಲ್ಲಿ. ಸ್ವಲ್ಪ ಸಮಯದಲ್ಲೇ ಜಪಾನಿ ಆಡಳಿತ ಬಂತು, ಊರೊಳಗಿನ ದೊಡ್ಡ ಸಂಗ್‌ಹ್ವಾಂಗ್ ಗುಡಿ ಹೋಯಿತು, ಆಟವೂ ನಿಂತಿತು. ಜಪಾನೀಯರು ಮಾತ್ರ ಕಾರಣ ಎಂದು ಹೇಳುವುದು ಎಲ್ಲರಿಗೂ ಹಿತ. ಇನ್ನೊಂದು ಕಾರಣವೂ ಇದೆ: ಬಿಡುಗಡೆಯಾದವರು ‘ನಾವು ಗ್ವಾನ್ನೊ’ ಎಂದು ಮುಖವಾಡ ಹಾಕಿ ಮತ್ತೆ ಯಾಕೆ ಕುಣಿಯಬೇಕು? ನಲಿಕೆಯವರು, ಪಂಬದರು, ಕೋಪಾಳರು ಯಾವ ಸಾಮಾಜಿಕ ಸ್ಥಾನದಲ್ಲಿ ನಿಂತು ದೈವ ಕಟ್ಟಿದರು ಎಂದು ಗೊತ್ತಿರುವ ನಮಗೆ ಈ ಪ್ರಶ್ನೆ ಹೊಸತಲ್ಲ. ಆದರೆ ನಮ್ಮ ಧಾರ್ಮಿಕ ಸಭೆಗಳಲ್ಲಿ ಇದನ್ನು ಯಾರೂ ಎತ್ತುವುದಿಲ್ಲ.

ಆಟ ಮರಳಿ ಬಂದದ್ದು 1960ರ ದಶಕದಲ್ಲಿ. ಜಾನಪದ ವಿದ್ವಾಂಸ ಇಮ್ ದೊಂಗ್-ಗ್ವೊನ್ 1966ರಲ್ಲಿ ಇಲ್ಲಿ ಸಮೀಕ್ಷೆ ಮಾಡಿದರು. ಯೌವನದಲ್ಲಿ ಆಟ ಕಂಡಿದ್ದ ಇಬ್ಬರು ವೃದ್ಧರ ನೆನಪೇ ಪುನರ್ರಚನೆಗೆ ಮುಖ್ಯ ಆಧಾರವಾಯಿತು. 1967ರಲ್ಲಿ ಹಬ್ಬವನ್ನು ರಾಷ್ಟ್ರದ ಮುಖ್ಯ ಅಮೂರ್ತ ಪರಂಪರೆಗಳಲ್ಲಿ 13ನೆಯದಾಗಿ ಪಟ್ಟಿಮಾಡಲಾಯಿತು. ಈಗ ಶಾಲಾ ಮಕ್ಕಳೂ ಆಟ ಕಲಿಯುತ್ತಾರೆ. ಗುಲಾಮರ ಆಟ ಎಲ್ಲರ ಆಟವಾದದ್ದು ಒಳ್ಳೆಯದೇ. ಆದರೆ ಮುಖವಾಡ ಕಟ್ಟಿಕೊಳ್ಳುವ ಮಗುವಿಗೆ ಅದು ಯಾರ ಮುಖವಾಗಿತ್ತು ಎಂದು ಯಾರಾದರೂ ಹೇಳಬೇಕು. ಅದು ಉಪನ್ಯಾಸದ ಕೆಲಸ.

ಕಾನೂನಿನ ಒಂದು ಮಾತು. 1962ರ ಪರಂಪರೆ ಸಂರಕ್ಷಣಾ ಕಾನೂನಿನ ಕೆಳಗೆ ಬೆಳೆದ ನೀತಿ ‘ವೊನ್‌ಹ್ಯೊಂಗ್’, ಅಂದರೆ ಮೂಲರೂಪವನ್ನು ಕಾಪಾಡುವುದು. ಆದರೆ ಯಾವುದು ಮೂಲ? 1603ರದೋ, ಇಬ್ಬರು ವೃದ್ಧರ ನೆನಪಿನದೋ? 2015ರಲ್ಲಿ ಅಮೂರ್ತ ಪರಂಪರೆಗೆ ಪ್ರತ್ಯೇಕ ಕಾನೂನು ಆಯಿತು. ಅದರಲ್ಲಿ ಆ ಪದದ ಬದಲು ‘ಜೊನ್‌ಹ್ಯೊಂಗ್’ ಬಂತು: ಕಾಲಕಾಲಕ್ಕೆ ಬದಲಾಗುತ್ತಲೇ ಉಳಿದು ಬರುವ ಲಕ್ಷಣ ಎಂಬ ಅರ್ಥ. ಒಂದು ಪದ ಬದಲಾಯಿತು ಅಷ್ಟೇ, ಆದರೆ ಉಪನ್ಯಾಸಕರಿಗೆ ಅದರಿಂದ ಬಾಯಿ ಬಿಟ್ಟಂತಾಯಿತು.

ಯುನೆಸ್ಕೊ 2005ರಲ್ಲಿ ಈ ಹಬ್ಬವನ್ನು ಮಾನ್ಯ ಮಾಡಿದಾಗ, ಐದನೇ ತಿಂಗಳ ಐದು ತಮ್ಮ ಹಬ್ಬ ಎಂದು ಚೀನಾದಲ್ಲಿ ದೊಡ್ಡ ಗಲಾಟೆ ಎದ್ದಿತ್ತು. ತಿಥಿ ಒಂದೇ. ಆದರೆ ಚೀನಾದ ದೋಣಿ ಓಟಕ್ಕೂ ಈ ಘಾಟಿಯ ದೈವಕ್ಕೂ ಸಂಬಂಧ ಇಲ್ಲ. 2009ರಲ್ಲಿ ಚೀನಾದ ಹಬ್ಬವೂ ಪಟ್ಟಿಗೆ ಸೇರಿತು. ಗಡಿಯವರಾದ ನಮಗೆ ಇಂಥ ಜಗಳ ಚೆನ್ನಾಗಿ ಗೊತ್ತು, ಹೆಚ್ಚು ಹೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿ ಪ್ರಶ್ನೆಗಳಿಗೆ ಬರುತ್ತೇನೆ.

ತಾಳವಾಡಿಯಿಂದ ಒಂದು ಪ್ರಶ್ನೆ: ‘ನಿಮ್ಮ ದೈವ ಮೊದಲು ಬೇರೆಯಾಗಿತ್ತು’ ಎಂದು ಊರ ಸಭೆಯಲ್ಲಿ ಹೇಳಿದರೆ ಜನ ನೊಂದುಕೊಳ್ಳುವುದಿಲ್ಲವೇ? ನೊಂದುಕೊಳ್ಳಬಹುದು. ಆದರೆ ಗಾಂಗ್‌ನಂಗಿನಲ್ಲಿ ಹೊರಗಿನಿಂದ ಹೋಗಿ ಏನನ್ನೂ ಹೇಳಬೇಕಾಗಿಲ್ಲ. ನಾಲ್ಕನೇ ತಿಂಗಳ 15ರಂದು ಮೊದಲ ಆರಾಧನೆ ಬೆಟ್ಟದ ದೈವಕ್ಕೆ ಎಂದೆನಲ್ಲ, ಆ ಬೆಟ್ಟದ ದೈವ ಅಂದರೆ ಕಿಮ್ ಯು-ಶಿನ್. ಮೆರವಣಿಗೆ ಭಿಕ್ಷುವಿನದಾದರೂ ಮೊದಲ ಬಟ್ಟಲು ಸೇನಾಪತಿಗೇ. ಆಚರಣೆ ತನ್ನ ಹಳೆಯ ಪದರವನ್ನು ತಾನೇ ಉಳಿಸಿಕೊಂಡಿದೆ. ‘ನೀವು ಮೊದಲು ಇವರಿಗೆ ಯಾಕೆ ಕೊಡುತ್ತೀರಿ?’ ಎಂದು ಕೇಳಿದರೆ ಸಾಕು, ಸಭೆಯಲ್ಲೇ ಮಾತು ಶುರುವಾಗುತ್ತದೆ. ನಮ್ಮ ಕಡೆಯೂ ನೇಮದ ಕಟ್ಟಳೆ ನೋಡಿ. ಯಾವ ದೈವಕ್ಕೆ ಮೊದಲು, ಯಾರ ಮನೆಗೆ ಮೊದಲ ಪ್ರಸಾದ ಎಂಬುದರಲ್ಲಿ ಸ್ಮರಣ ಸಂಚಿಕೆ ಬಿಟ್ಟದ್ದೆಲ್ಲ ಇರುತ್ತದೆ.

ಜತ್ತದ ಸ್ನೇಹಿತರು ಕೇಳಿದ್ದಾರೆ: ಪ್ರಾರ್ಥನೆ ಚೀನೀ ಗ್ರಂಥಭಾಷೆಯಲ್ಲಿ ಅಂದಿರಿ, ಜನಕ್ಕೆ ಅರ್ಥ ಆಗುತ್ತದೆಯೇ? ಹೆಚ್ಚಿನವರಿಗೆ ಆಗುವುದಿಲ್ಲ. ಮುದಂಗಳ ಹಾಡು ಕೊರಿಯನ್‌ನಲ್ಲಿ, ಅಳಿಸುತ್ತದೆ, ನಗಿಸುತ್ತದೆ. ಸಿಡುಬಿನ ದೈವವನ್ನು ಕರೆದು ಕಳಿಸುವ ಭಾಗವೂ ಇದೆ, ಸಿಡುಬು ಹೋದ ಮೇಲೂ. ನಮ್ಮ ಮಾರಿಯ ಹಾಗೆಯೇ. ಅಧಿಕಾರದ ಭಾಷೆಯಲ್ಲಿ ಒಂದು, ಊರಿನ ಭಾಷೆಯಲ್ಲಿ ಇನ್ನೊಂದು, ಎರಡೂ ಒಂದೇ ಚಪ್ಪರದಡಿ. ಮೊದಲ ಮದ್ಯ ಅರ್ಪಿಸುವುದು ಸಾಮಾನ್ಯವಾಗಿ ನಗರದ ಮೇಯರ್.

ಕೊನೆಯ ಪ್ರಶ್ನೆ, ಇದೆಲ್ಲ ಆನ್‌ಲೈನಿನಲ್ಲಿ ನಡೆದೀತೇ ಎಂದು. 2020ರಲ್ಲಿ ಕೋವಿಡ್ ಬಂದಾಗ ಅವರು ಹಬ್ಬವನ್ನೇ ಆನ್‌ಲೈನಿನಲ್ಲಿ ನಡೆಸಿದರು. ಹೊಳೆಯ ದಡದ ಸಂತೆ ಇರಲಿಲ್ಲ. ಆದರೆ ಮದ್ಯ ಹುದುಗಿಸುವುದನ್ನು ಬಿಡಲಿಲ್ಲ. ಸಮಯ ಆಯಿತು ಅಂತ ಅಧ್ಯಕ್ಷರು ಸೂಚಿಸುತ್ತಿದ್ದಾರೆ. ಉಳಿದ ಪ್ರಶ್ನೆಗಳನ್ನು ಚಾಟ್‌ನಲ್ಲಿ ಹಾಕಿ, ಇವತ್ತು ರಾತ್ರಿಯೇ ಉತ್ತರ ಬರೀತೇನೆ.